ಹಳದಿ ಶಂಖ ಮತ್ತು ಎರಡನೆಯ ಪರದೆ

ವಿಡಿಯೊ ಸಂಕಲನ ಮಾಡುವ ಕಂಪ್ಯೂಟರಿಗೆ ಹೊರಗಿನಿಂದ ಇನ್ನೊಂದು ಮಾನಿಟರ್ ಜೋಡಿಸಿ, ಟೈಮ್‌ಲೈನಿನಲ್ಲಿ ಓಡುವ ದೃಶ್ಯವನ್ನು ಅದರಲ್ಲಿ ತುಂಬುಪರದೆಯಾಗಿ ನೋಡುವ ರೂಢಿಯು ಬರಿಯ ಅನುಕೂಲದ ಮಾತಾಗಿ ತೋರಬಹುದು. ಆದರೆ ಒಂದೇ ಮುಖವು ಒಂದು ಪರದೆಯಲ್ಲಿ ಕೆಂಪಾಗಿಯೂ ಮಗ್ಗುಲಿನ ಪರದೆಯಲ್ಲಿ ಬಿಳಿಚಿಕೊಂಡಂತೆಯೂ ಕಂಡ ಕ್ಷಣದಲ್ಲಿ, ಯಾವ ತೋರಿಕೆಯನ್ನು ನಂಬಬೇಕು, ಆ ನಂಬಿಕೆಗೆ ಆಧಾರವೇನು ಎಂಬ ಪ್ರಶ್ನೆ ಏಳುತ್ತದೆ. ಭಾರತೀಯ ದರ್ಶನಗಳಲ್ಲಿ ಪ್ರಾಮಾಣ್ಯವಾದ, ಅಂದರೆ ಜ್ಞಾನದ ಯಥಾರ್ಥತೆಯು ತಿಳಿಯುವ ಬಗೆಯನ್ನು ಕುರಿತ ವಾದ, ಎತ್ತಿಕೊಳ್ಳುವುದೂ ಇಂಥ ಪ್ರಶ್ನೆಯನ್ನೇ.

ಎರಡು ಪರದೆಗಳು ಬೇರೆಬೇರೆಯಾಗಿ ತೋರಲು ಕಾರಣ ಕಡತದಲ್ಲಿಲ್ಲ. ಕಂಪ್ಯೂಟರಿನ ಸ್ವಂತ ಪರದೆಗೆ ಹೋಗುವ ಚಿತ್ರವನ್ನು ಆಪರೇಟಿಂಗ್ ಸಿಸ್ಟಂ ಮತ್ತು ಗ್ರಾಫಿಕ್ಸ್ ಕಾರ್ಡ್ ತಮ್ಮ ತಮ್ಮ ಲೆಕ್ಕಾಚಾರಕ್ಕೆ ತಕ್ಕಂತೆ ತಿದ್ದಬಲ್ಲವಾದ್ದರಿಂದ, ಬಣ್ಣ ಹೊಂದಿಸುವ ಕಲರಿಸ್ಟ್‌ಗಳು ಡೆಕ್‌ಲಿಂಕ್‌ನಂಥ ಪ್ರತ್ಯೇಕ ಸಾಧನದ ಮೂಲಕ, ಎಸ್‌ಡಿಐ ಅಥವಾ ಎಚ್‌ಡಿಎಂಐ ಕೇಬಲ್ಲಿನಲ್ಲಿ, ಸಂಕೇತವನ್ನು ನೇರವಾಗಿ ಮಾನಿಟರಿಗೆ ಕಳಿಸುತ್ತಾರೆ. ಅಲ್ಲಿಯೂ ಎಡವಟ್ಟಿಗೆ ಅವಕಾಶವುಂಟು: 8 ಬಿಟ್ ವಿಡಿಯೊದಲ್ಲಿ ಕಪ್ಪು 16ರಿಂದ ಆರಂಭವಾಗಿ ಬಿಳಿ 235ಕ್ಕೆ ಮುಗಿಯುವುದು ವಾಡಿಕೆಯಾಗಿದ್ದು, ಮಾನಿಟರು ಅದನ್ನು 0ಯಿಂದ 255ರವರೆಗಿನ ಸಂಕೇತವೆಂದು ಓದಿದರೆ ಕಡುಗಪ್ಪು ಕೂದಲು ಬೂದುಬಣ್ಣಕ್ಕೆ ತಿರುಗುತ್ತದೆ, ತಪ್ಪು ತಿರುವುಮುರುವಾದರೆ ನೆರಳಿನೊಳಗಿನ ಎಳೆಗಳೆಲ್ಲ ಒಂದೇ ಕಪ್ಪು ಮುದ್ದೆಯಾಗುತ್ತವೆ.

ಕಾಮಾಲೆಯಾದವನಿಗೆ ಬಿಳಿಯ ಶಂಖ ಹಳದಿಯಾಗಿ ಕಾಣುತ್ತದೆ ಎಂಬುದು ಭ್ರಮೆಯನ್ನು ಚರ್ಚಿಸುವ ಶಾಸ್ತ್ರಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವ ನಿದರ್ಶನ. ಹಗ್ಗದ ಹಾವಿನಷ್ಟು ಅದು ಜನಜನಿತವಲ್ಲವಾದರೂ ಈ ಪ್ರಸಂಗಕ್ಕೆ ಅದೇ ಹೆಚ್ಚು ಒಪ್ಪುತ್ತದೆ, ಏಕೆಂದರೆ ಹಗ್ಗವೆಂದು ತಿಳಿದೊಡನೆ ಹಾವು ಇಲ್ಲವಾಗುತ್ತದೆ, ಶಂಖ ಬಿಳಿಯದೆಂದು ಬಲ್ಲವನಿಗೂ ಪಿತ್ತ ಇಳಿಯುವ ತನಕ ಹಳದಿಯೇ ಕಾಣುತ್ತಿರುತ್ತದೆ. ಹಾಗಾದರೆ ಪಿತ್ತವಿರುವುದು ಯಾವ ಪರದೆಯಲ್ಲಿ? ಜ್ಞಾನದ ಪ್ರಾಮಾಣ್ಯವು ಜ್ಞಾನದೊಡನೆಯೇ ತಿಳಿಯುತ್ತದೆ ಎಂಬ ಮೀಮಾಂಸಕರ ಸ್ವತಃಪ್ರಾಮಾಣ್ಯ ಇಲ್ಲಿ ಕೈಕೊಡುತ್ತದೆ, ಏಕೆಂದರೆ ಎರಡು ಪರದೆಗಳೂ ಸಮಾನ ಧೈರ್ಯದಿಂದ ತಮ್ಮ ಬಣ್ಣವನ್ನು ಸಾರುತ್ತವೆ. ಸ್ಟುಡಿಯೊಗಳು ಅನುಸರಿಸುವುದು ನೈಯಾಯಿಕರ ಪರತಃಪ್ರಾಮಾಣ್ಯವನ್ನು, ಅಂದರೆ ಹೊರಗಿನ ಇನ್ನೊಂದು ಸಾಧನದಿಂದ ಪ್ರಾಮಾಣ್ಯವನ್ನು ನಿರ್ಣಯಿಸುವ ಮಾರ್ಗವನ್ನು: ಪರದೆಯ ಮೇಲೆ ಅಳತೆಯ ಉಪಕರಣವನ್ನಿಟ್ಟು, ವಿಡಿಯೊದ ಬಣ್ಣಗಳನ್ನು ಗೊತ್ತುಪಡಿಸುವ, 1990ರಲ್ಲಿ ಅಂಗೀಕಾರವಾದ ರೆಕ್. 709 ನಿಯಮಕ್ಕೂ ಡಿ65 ಎಂಬ, ಸುಮಾರು 6500 ಕೆಲ್ವಿನ್ನಿನ, ಬಿಳಿಗೂ ಪರದೆಯನ್ನು ಹೊಂದಿಸಲಾಗುತ್ತದೆ.

ಆ ಉಪಕರಣವನ್ನು ಪರೀಕ್ಷಿಸುವವರು ಯಾರು ಎಂದು ಕೇಳಿದರೆ ಇನ್ನೊಂದು ಉಪಕರಣ, ಅದಕ್ಕೆ ಮತ್ತೊಂದು. ಕೊನೆಯಿಲ್ಲದ ಈ ಸರಣಿಗೆ ಶಾಸ್ತ್ರದಲ್ಲಿ ಅನವಸ್ಥೆ ಎಂದು ಹೆಸರು. ಸಂದೇಹ ಉಳಿದಿರುವಷ್ಟು ಕಾಲ ಮಾತ್ರ ಪರೀಕ್ಷೆ ಬೇಕೆಂದು ನೈಯಾಯಿಕರು ಇದರಿಂದ ಪಾರಾಗಲು ನೋಡಿದರು. 13ನೆಯ ಶತಮಾನದ ಉಡುಪಿಯ ಮಧ್ವಾಚಾರ್ಯರು ಪ್ರಾಮಾಣ್ಯವನ್ನು ಗ್ರಹಿಸುವುದು ಆತ್ಮಸ್ವರೂಪವೇ ಆದ ಸಾಕ್ಷಿ, ಅದರ ಆಚೆಗೆ ಕೇಳುವ ಅಗತ್ಯವಿಲ್ಲ ಎಂದು ಸರಣಿಯನ್ನು ಅಲ್ಲಿಗೇ ತಡೆದರು. ವರ್ಣವಿಜ್ಞಾನದ ಸರಣಿಯೂ ಒಬ್ಬ ನೋಡುವವನಲ್ಲೇ ನಿಲ್ಲುತ್ತದೆ. ಅಂತಾರಾಷ್ಟ್ರೀಯ ಪ್ರಕಾಶ ಆಯೋಗವು 1931ರಲ್ಲಿ ನಿಗದಿಪಡಿಸಿದ ಪ್ರಮಾಣಿತ ವೀಕ್ಷಕನು ಬ್ರಿಟನ್ನಿನಲ್ಲಿ ರೈಟ್ ಅವರು 10 ಜನರ, ಗಿಲ್ಡ್ ಅವರು 7 ಜನರ ಕಣ್ಣುಗಳನ್ನು ಪರೀಕ್ಷಿಸಿ ಪಡೆದ ಅಳತೆಗಳಿಂದ ರೂಪುಗೊಂಡವನು. ಈ ಹೋಲಿಕೆಯನ್ನು ಬಹಳ ದೂರ ಎಳೆಯುವುದು ತರವಲ್ಲ (ಪ್ರಾಚೀನರು ಎಲ್ಲವನ್ನೂ ಮೊದಲೇ ಕಂಡಿದ್ದರೆನ್ನುವ ಚಪಲಕ್ಕೆ ಮದ್ದಿಲ್ಲ): ಮಧ್ವರ ಸಾಕ್ಷಿ ಪ್ರತಿ ಜೀವನಿಗೂ ಸ್ವಂತದ್ದು, ಸಂದೇಹಕ್ಕೆ ನಿಲುಕದ್ದು; ಆಯೋಗದ ವೀಕ್ಷಕನು 17 ಜನರ ಸರಾಸರಿ, ಅಂಥ ಕಣ್ಣು ಯಾರಿಗೂ ಇಲ್ಲ.

ಆದಕಾರಣ ಹೊಂದಿಸಿದ ಮಾನಿಟರಿಗೆ ಸಲ್ಲುವುದು ಅದ್ವೈತಿಗಳು ವ್ಯಾವಹಾರಿಕ ಸತ್ಯವೆಂದು ಕರೆಯುವ, ವ್ಯವಹಾರ ನಡೆಯುವಷ್ಟಕ್ಕೆ ಬಾಧೆಯಿಲ್ಲದೆ ನಿಲ್ಲುವ ಸತ್ಯದ ಸ್ಥಾನವೇ ಹೊರತು ಅದಕ್ಕಿಂತ ಮೇಲಿನದಲ್ಲ. ಸಂಕಲನಕಾರನು ಅದನ್ನು ನಂಬುವುದು ನ್ಯಾಯವೇ, ಆದರೆ ಅವನು ನಂಬುತ್ತಿರುವುದು ಒಂದು ಒಪ್ಪಂದವನ್ನು. 2012ರಲ್ಲಿ ಇನ್ನಷ್ಟು ವಿಶಾಲ ವರ್ಣವ್ಯಾಪ್ತಿಯ ರೆಕ್. 2020 ನಿಯಮ ಬಂದಿತು; ಹಳೆಯ ನಿಯಮದಂತೆ ಸಿದ್ಧವಾದ ಕಡತವನ್ನು ಪರಿವರ್ತಿಸದೆ ಹೊಸ ನಿಯಮಕ್ಕೆ ಹೊಂದಿಸಿದ ಪರದೆಯಲ್ಲಿ ತೋರಿಸಿದರೆ, ಒಂದು ಅಂಕಿಯೂ ಬದಲಾಗದಿದ್ದರೂ, ಅದೇ ಮುಖ ವಿಪರೀತ ಕೆಂಪೇರಿ ಕಾಣುತ್ತದೆ.