ಹುಡುಗನಿಗೆ ಕಟ್ಟಿದ ಬೆಲೆ

ಮೂವತ್ತು ವರ್ಷ ಮಕ್ಕಳಿಗೆ ಅಂಕ ಹಾಕಿದವಳು ನಾನು. ಅದಕ್ಕೇ ಏನೋ, ಅಮೆರಿಕದ ಡೇವಿಡ್ ಕ್ಲೈಡ್‌ನ ಕತೆ ನನ್ನನ್ನು ಕಾಡುತ್ತದೆ. ಹ್ಯೂಸ್ಟನ್‌ನ ಹೈಸ್ಕೂಲೊಂದರಲ್ಲಿ ಅವನು ಬೇಸ್‌ಬಾಲ್ ಪಿಚರ್, ಅಂದರೆ ಚೆಂಡೆಸೆಯುವವನು. 1973ರಲ್ಲಿ ಟೆಕ್ಸಾಸ್ ರೇಂಜರ್ಸ್ ತಂಡ ದೇಶದ ಹುಡುಗರಲ್ಲೆಲ್ಲ ಮೊದಲಿಗನಾಗಿ ಅವನನ್ನೇ ಆರಿಸಿಕೊಂಡಿತು.

ಅವನ ಕೈಗುಣ ಅಳೆದವರು ಎಡವಲಿಲ್ಲ. ಆದರೆ ತಂಡಕ್ಕೆ ಪ್ರೇಕ್ಷಕರ ಬರ. ಸಣ್ಣ ತಂಡಗಳಲ್ಲಿ ಪಳಗಬೇಕಾದ ಹದಿನೆಂಟರ ಹುಡುಗನನ್ನು, ಶಾಲೆ ಮುಗಿದ ಇಪ್ಪತ್ತೇ ದಿನಕ್ಕೆ ಮೇಜರ್ ಲೀಗ್ ಕಣಕ್ಕಿಳಿಸಿದರು. 35,000ಕ್ಕೂ ಹೆಚ್ಚು ಜನ ನೆರೆದರು, ಹುಡುಗ ಗೆದ್ದ. ಮುಂದೆ ಭುಜ ಕೈಕೊಟ್ಟಿತು. 1979ಕ್ಕೆ ಅಲ್ಲಿನ ಆಟ ಮುಗಿಯಿತು: 18 ಗೆಲುವು, 33 ಸೋಲು.

ಅಳೆಯುವುದು ತಪ್ಪಲ್ಲ, ಯಾರಿಗಾಗಿ ಅಳೆಯುತ್ತೇವೆ? ಜಾಣೆ ಹುಡುಗಿಯೊಬ್ಬಳನ್ನು ನಾನೂ ನಿದ್ದೆಗೆಡಿಸಿ ಓದಿಸಿದ್ದೆ. ರ‍್ಯಾಂಕ್ ಬೇಕಿದ್ದದ್ದು ಅವಳಿಗಲ್ಲ, ನಮಗೆ. ಕಾಯಿ ಹಣ್ಣಾಗುವ ತನಕ ಕಾಯುವುದೂ ಪಾಠವೇ. ಅದನ್ನು ನಾನು ತಡವಾಗಿ ಕಲಿತೆ.