ಕಾಣದ ಬೆಸುಗೆ

ಶುದ್ಧಿಯು ಎರಡು ಬಗೆಯದು. ಒಂದು ಕಣ್ಣಿಗೆ ಕಾಣುವುದು, ಇನ್ನೊಂದು ಕಾಣದಿರುವುದು. ಮೊದಲನೆಯದನ್ನು ಲೋಕವು ಪರೀಕ್ಷಿಸಬಲ್ಲದು. ಎರಡನೆಯದಕ್ಕೆ ಹಲವು ವೇಳೆ ಮಾಡಿದವನ ಮನಸ್ಸೊಂದೇ ಸಾಕ್ಷಿ. ಹನ್ನೆರಡನೆಯ ಶತಮಾನದ ಶಿವಶರಣರು ಅಂತರಂಗ ಬಹಿರಂಗಗಳೆರಡೂ ಶುದ್ಧವಾದಲ್ಲದೆ ನಡೆ ಪೂರ್ಣವಾಗದೆಂದು ಬೋಧಿಸಿದರು. ಈ ಬೋಧೆಯನ್ನು ಪೂಜೆ ಧ್ಯಾನಗಳಿಗೆ ಮಾತ್ರ ಅನ್ವಯಿಸಿ ತೃಪ್ತರಾಗುವವರು ಬಹಳ. ಆದರೆ ಶರಣರು ಅದನ್ನು ದಿನದಿನದ ಕಾಯಕದ ನೆಲದಲ್ಲಿಯೇ ಬಿತ್ತಿದವರು. ಆದುದರಿಂದ ಕಾಯಕದ ಒಂದು ಸಣ್ಣ ಸಂಗತಿಯಲ್ಲಿ ಅದನ್ನು ಒರೆಗೆ ಹಚ್ಚಿ ನೋಡುವುದು ಉಚಿತವೇ ಸರಿ.

ಸಂಡೂರು ತಾಲ್ಲೂಕಿನ ಕುರೆಕುಪ್ಪವು ತೋರಣಗಲ್ಲಿನ ನೆರೆಯ ಊರು. 1990ರ ದಶಕದಲ್ಲಿ ಅಲ್ಲಿ ಉಕ್ಕಿನ ಕಾರ್ಖಾನೆ ತಲೆಯೆತ್ತಿದ ಮೇಲೆ ಸುತ್ತಲಿನ ಬದುಕು ಬದಲಾಯಿತು. ಬಚ್ಚಲೊಲೆಯ ಮೇಲಿನ ತಾಮ್ರದ ಹಂಡೆಯ ಸ್ಥಾನಕ್ಕೆ ಅನೇಕ ಮನೆಗಳಲ್ಲಿ ವಿದ್ಯುತ್ತಿನ ಗೀಸರ್ ಬಂದಿತು. ಅಂಥ ಊರಿನ ಒಂದು ಮನೆಯಲ್ಲಿ ಅಡುಗೆಮನೆಯ ಗೀಸರನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಸಬೇಕಾಗಿದೆಯೆಂದು ಭಾವಿಸಬಹುದು. ಇಂದು ಪ್ಲಾಸ್ಟಿಕ್ಕಿನ ಕೊಳವೆಗಳೇ ಹೆಚ್ಚು. ಆದರೂ ಬಿಸಿನೀರಿಗೆಂದು ತಾಮ್ರದ ಕೊಳವೆ ಹಾಕಿಸಿದವರುಂಟು. ಈ ಮನೆಯೂ ಅಂಥದೇ ಆದರೆ, ಹಳೆಯ ಕೊಳವೆಯನ್ನು ಕತ್ತರಿಸಿ, ದಾರಿ ತಿರುಗಿಸಿ, ಹೊಸ ತುಂಡುಗಳನ್ನು ಬೆಸೆಯಬೇಕಾಗುತ್ತದೆ.

ಬೆಸುಗೆಯ ಕ್ರಮವು ತಾನೇ ಒಂದು ಪಾಠ. ಕೊಳವೆಯೊಳಗಿನ ನೀರನ್ನು ಮೊದಲು ಪೂರ್ತಿಯಾಗಿ ಬಸಿಯಬೇಕು. ನೀರು ಉಳಿದರೆ ಬೆಂಕಿಯ ಕಾವೆಲ್ಲ ಅದನ್ನು ಕುದಿಸುವುದರಲ್ಲಿಯೇ ವ್ಯಯವಾಗಿ, ತಾಮ್ರದ ಉಷ್ಣತೆ ನೂರು ಡಿಗ್ರಿಯ ಆಸುಪಾಸಿನಲ್ಲಿಯೇ ನಿಂತುಬಿಡುತ್ತದೆ, ಬೆಸುಗೆ ಕರಗುವುದಿಲ್ಲ. ಅನಂತರ ಕತ್ತರಿಸಿದ ಬಾಯಿಯ ಗರಗನ್ನು ತೆಗೆದು, ಕೂಡುವ ಭಾಗಗಳನ್ನು ಎಮರಿ ಬಟ್ಟೆಯಿಂದ ಹೊಳೆಯುವಂತೆ ಉಜ್ಜಿ, ಫ್ಲಕ್ಸ್ ಎಂಬ ಲೇಪ ಸವರಬೇಕು. ಬೆಂಕಿಯನ್ನು ಬೆಸುಗೆಯ ತಂತಿಗೆ ಹಿಡಿಯಬಾರದು, ತಾಮ್ರಕ್ಕೆ ಹಿಡಿಯಬೇಕು. ತಾಮ್ರವು ಹದವಾಗಿ ಕಾದಾಗ ತಂತಿಯನ್ನು ಸೋಕಿಸಿದರೆ ಸಾಕು; ಕರಗಿದ ಲೋಹವು ಕೂದಲೆಳೆಯಷ್ಟು ಕಿರಿದಾದ ಸಂದಿನೊಳಕ್ಕೆ, ಮೇಲ್ಮುಖವಾಗಿದ್ದರೂ, ತಾನಾಗಿ ಸೆಳೆಯಲ್ಪಡುತ್ತದೆ. ಕಡೆಗೆ ನೀರು ಹರಿಸಿ ಲೇಪದ ಶೇಷವನ್ನು ತೊಳೆಯಬೇಕು.

ಇಲ್ಲಿಯೇ ಧರ್ಮದ ಪ್ರಶ್ನೆ ಏಳುತ್ತದೆ. ಬೆಸುಗೆಯ ತಂತಿ ಎರಡು ತರಹದ್ದು. ತವರಕ್ಕೆ ಸೀಸ ಬೆರೆಸಿದ್ದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗತೊಡಗುತ್ತದೆ. ಅಗ್ಗ, ಕೆಲಸಕ್ಕೆ ಸುಲಭ. ಸೀಸವಿಲ್ಲದೆ ತವರಕ್ಕೆ ತುಸು ತಾಮ್ರ ಬೆರೆಸಿದ್ದಕ್ಕೆ ಸುಮಾರು 230 ಡಿಗ್ರಿಯ ಕಾವು ಬೇಕು. ಬೆಲೆಯೂ ಹೆಚ್ಚು, ತಾಳ್ಮೆಯೂ ಹೆಚ್ಚು ಬೇಕು. ಎರಡರಲ್ಲಿ ಯಾವುದರಿಂದ ಬೆಸೆದರೂ ನೀರು ಸೋರದು. ನಲ್ಲಿ ತಿರುಗಿಸಿ ನೋಡಿದ ಯಜಮಾನನು ಸಂತೋಷದಿಂದ ಕೂಲಿ ಕೊಡುವನು. ಆದರೆ ಸೀಸವು ನೀರಿನಲ್ಲಿ, ಅದರಲ್ಲಿಯೂ ಬಿಸಿನೀರಿನಲ್ಲಿ ಮತ್ತು ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತ ನೀರಿನಲ್ಲಿ, ಅಲ್ಪಾಲ್ಪವಾಗಿ ಕರಗುತ್ತದೆ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಎಳೆಯ ಮಕ್ಕಳ ಮೆದುಳಿನ ಬೆಳವಣಿಗೆಗೆ ಅದು ಮಾರಕ; ಇಷ್ಟಾದರೆ ಅಪಾಯವಿಲ್ಲವೆಂಬ ಮಿತಿಯೇ ಸೀಸಕ್ಕೆ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕುಡಿಯುವ ನೀರಿನ ಕೊಳವೆಗಳಿಗೆ ಸೀಸದ ಬೆಸುಗೆಯನ್ನು ಅಮೆರಿಕವು 1986ರಲ್ಲಿಯೇ ನಿಷೇಧಿಸಿತು. ಭಾರತೀಯ ಮಾನಕವು ಕುಡಿಯುವ ನೀರಿನ ಒಂದು ಲೀಟರಿನಲ್ಲಿ 0.01 ಮಿಲಿಗ್ರಾಂಗಿಂತ ಹೆಚ್ಚು ಸೀಸವಿರಕೂಡದೆನ್ನುತ್ತದೆ.

ಸೋರದಿರುವ ಬೆಸುಗೆಯೆಲ್ಲ ನಿರ್ದೋಷವಾದ ಬೆಸುಗೆಯಲ್ಲ. ಸೋರಿಕೆ ಬಹಿರಂಗದ ದೋಷ. ಅದು ಗೋಡೆ ನೆನೆಸಿ ತಾನೇ ಸಾರಿಕೊಳ್ಳುತ್ತದೆ. ಸೀಸ ಅಂತರಂಗದ ದೋಷ. ಅದರ ಮೇಲೆ ಗಾರೆ ಬಳಿದು ಸುಣ್ಣ ಹೊಡೆದ ಮೇಲೆ ಕೇಳುವವರಿಲ್ಲ. ಹಂಪೆಯ ಅರಮನೆಯ ಆವರಣದಲ್ಲಿ ಕಲ್ಲಿನ ತೆರೆದ ಕಾಲುವೆಗಳೂ ಉಂಟು, ನೆಲದಡಿಯಲ್ಲಿ ಹುಗಿದ ಮಣ್ಣಿನ ಕೊಳವೆಗಳೂ ಉಂಟು. ತೆರೆದ ಕಾಲುವೆಯ ಶಿಲ್ಪವನ್ನು ನೋಡಿ ಹೊಗಳದವರಿಲ್ಲ. ಹುಗಿದ ಕೊಳವೆಯನ್ನು ಜೋಡಿಸಿದವನಿಗೆ ಹೊಗಳಿಕೆ ಎಲ್ಲಿಂದ ಬರಬೇಕು? ಅವನ ಕಾಯಕಕ್ಕೆ ಅವನೇ ಸಾಕ್ಷಿಯಾಗಿದ್ದನು.

ಕೆಲಸಗಾರನ ಪಕ್ಷದಲ್ಲಿ ಒಂದು ಮಾತುಂಟು. ಯಜಮಾನನೇ ಚೌಕಾಶಿ ಮಾಡಿ, ಎರಡು ದಿನದ ಕೆಲಸವನ್ನು ಒಂದು ದಿನದ ಕೂಲಿಗೆ ಮುಗಿಸೆಂದರೆ, ಅಗ್ಗದ ತಂತಿ ಬಳಸಿದವನದೇ ತಪ್ಪೇ? ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಯಜಮಾನನು ಒಪ್ಪಿದ್ದು ಕಡಿಮೆ ಬೆಲೆಗೇ ಹೊರತು ವಿಷಕ್ಕಲ್ಲ. ತಿಳಿಯದವನ ಮೌನವನ್ನು ತಿಳಿದವನು ಸಮ್ಮತಿಯೆಂದು ಎಣಿಸಕೂಡದು. ಮೇಲಾಗಿ ಆ ನೀರನ್ನು ಕುಡಿಯುವ ಕೂಸು ಯಾವ ಚೌಕಾಶಿಯಲ್ಲಿಯೂ ಭಾಗಿಯಾಗಿರಲಿಲ್ಲ.

ಹಾಗೆಂದು ಯಜಮಾನನು ನಿರಪರಾಧಿಯಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮಡದಿ ಲಕ್ಕಮ್ಮನು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ಸಲ್ಲಬೇಕಾದುದಕ್ಕಿಂತ ಹೆಚ್ಚು ಪಡೆಯುವುದು ತಪ್ಪೆಂದು ಆಕೆ ಕಲಿಸಿದಳು. ಸಲ್ಲಬೇಕಾದುದಕ್ಕಿಂತ ಕಡಿಮೆ ಕೊಡುವುದೂ ಅದೇ ತಪ್ಪಿನ ಇನ್ನೊಂದು ಮಗ್ಗುಲು. ಕಾಯಕಕ್ಕೆ ತಕ್ಕ ಹೊತ್ತನ್ನೂ ಕೂಲಿಯನ್ನೂ ಕೊಡದವನು ಶುದ್ಧವಾದ ಕಾಯಕವನ್ನು ಯಾವ ಮುಖದಿಂದ ಬೇಡುವನು?

ಆದುದರಿಂದ ಇಬ್ಬರ ಕರ್ತವ್ಯವೂ ಸ್ಪಷ್ಟವಾಗಿದೆ. ಗಾರೆ ಬಳಿಯುವ ಮುನ್ನ, ಇಂಥ ತಂತಿಯಿಂದ ಬೆಸೆದಿದ್ದೇನೆಂದು ಕೆಲಸಗಾರನು ತಾನಾಗಿ ತೋರಿಸಬೇಕು; ಅದರ ಬೆಲೆಯನ್ನು ಯಜಮಾನನು ಗೊಣಗದೆ ತೆರಬೇಕು. ತೋರಿಸಲು ಯಾರೂ ಇಲ್ಲದ ದಿನವೂ ಆ ಕೈ ಅದೇ ತಂತಿಯನ್ನು ಆರಿಸಿದರೆ, ಅಲ್ಲಿ ಕಾಯಕವು ಪೂಜೆಯೇ ಆಯಿತು. ಆ ಮನೆಯವರಿಗೆ ಅದು ಎಂದೂ ತಿಳಿಯದಿರಬಹುದು. ಮಕ್ಕಳು ನೀರು ಕುಡಿದು ಆಡಲು ಓಡುವರು, ಅಷ್ಟೇ. ಶರಣರು ದಾಸೋಹವೆಂದು ಕರೆದುದಕ್ಕೆ ಇದಕ್ಕಿಂತ ಹೆಚ್ಚಿನ ಫಲ ಬೇಡ.