ಸವಳು ನೆಲದ ಧರ್ಮಪ್ರಶ್ನೆ

ಹೊಲ ನನ್ನದು, ನೀರು ನನ್ನ ಪಾಲಿನದು. ಹೇಗೆ ಬಳಸಿದರೆ ಯಾರಿಗೇನು? ಕೃಷ್ಣಾ, ಘಟಪ್ರಭಾ ದಂಡೆಯ ಕಬ್ಬಿನ ಸೀಮೆಯಲ್ಲಿ ಈ ಮಾತಿಗೆ ತಕರಾರು ತೆಗೆಯುವವರು ಕಡಿಮೆ. ಆದರೆ ಕೂಡಲಸಂಗಮ ಇರುವ ಬಾಗಲಕೋಟೆ ಜಿಲ್ಲೆಯಲ್ಲಿ ಇದನ್ನು ಧರ್ಮದ ಪ್ರಶ್ನೆಯಾಗಿಯೂ ಕೇಳಬೇಕು. ಶರಣರು ಕಾಯಕದ ಜೊತೆಗೆ ದಾಸೋಹವನ್ನು ಕಟ್ಟಿದರು. ದುಡಿಮೆಯ ಫಲ ದುಡಿದವನ ಮನೆಯಲ್ಲೇ ನಿಲ್ಲಬಾರದು ಎಂದರು. ಹಾಗಾದರೆ ದುಡಿಮೆಯಿಂದ ಆದ ಕೇಡಿಗೆ ಹೊಣೆ ಯಾರು?

ನೀರನ್ನು ಹಂಚಿಕೊಳ್ಳುವ ಪಾಠ ಜಮಖಂಡಿಗೆ ಹೊಸದಲ್ಲ. 1989ರಲ್ಲಿ ಚಿಕ್ಕಪಡಸಲಗಿ ಬಳಿ ಕೃಷ್ಣೆಗೆ ರೈತರೇ ಬ್ಯಾರೇಜ್ ಕಟ್ಟಿದರು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರ ರೈತ ಸಂಘ ಹಣ ಕೂಡಿಸಿತು, ಜನ ಶ್ರಮದಾನಕ್ಕೆ ಇಳಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದೇ ಹೆಸರಾಯಿತು. ಪಕ್ಕದ ಬೀಳಗಿಯದು ಇನ್ನೊಂದು ಬಗೆಯ ಕೊಡುಗೆ: ಆಲಮಟ್ಟಿ ಹಿನ್ನೀರಿಗೆ ಅಲ್ಲಿನ ಜನ ಹೊಲ, ಮನೆ, ಗುಡಿಗಳನ್ನು ಬಿಟ್ಟುಕೊಟ್ಟರು. ಕೆಳಗಿನ ಜಿಲ್ಲೆಗಳ ಕಾಲುವೆಯಲ್ಲಿ ಹರಿಯುವ ನೀರಿನಲ್ಲಿ ಅವರ ಪಾಲೂ ಇದೆ. ಇಷ್ಟು ಮಂದಿಯ ಬೆವರು, ತ್ಯಾಗ ಸೇರಿದ ನೀರನ್ನು ಒಬ್ಬರು ಪೂರ್ತಿ ತಮ್ಮದೆನ್ನುವುದು ಸರಿಯಲ್ಲ.

ಹೆಚ್ಚಾದ ನೀರು ಏನು ಮಾಡುತ್ತದೆ ಎಂಬುದಕ್ಕೆ ಹಳ್ಳದ ಮಗ್ಗುಲಿನ ತಗ್ಗಿನ ಹೊಲಗಳನ್ನು ನೋಡಬೇಕು. ಬೇಸಿಗೆಯಲ್ಲಿ ಮಣ್ಣಿನ ಮೇಲೆ ಬಿಳಿ ಪದರು ಕಟ್ಟಿರುತ್ತದೆ. ಕಬ್ಬು ಅಲ್ಲಲ್ಲಿ ಹಳದಿಯಾಗಿ ಮೊಣಕಾಲೆತ್ತರಕ್ಕೇ ನಿಂತಿರುತ್ತದೆ. ಎರೆಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ಮೇಲೆ ಹರಿಸುತ್ತಲೇ ಇದ್ದರೆ ಒಳಗಿನ ನೀರಿನ ಮಟ್ಟ ಏರುತ್ತದೆ, ಉಪ್ಪನ್ನು ಹೊತ್ತು ಮೇಲಕ್ಕೆ ಬರುತ್ತದೆ, ಬಿಸಿಲಿಗೆ ನೀರು ಆರಿ ಉಪ್ಪು ಉಳಿಯುತ್ತದೆ. ರೈತರು ಇದನ್ನೇ ಸವಳು-ಜವಳು ಎನ್ನುವುದು. ಎತ್ತರದ ಹೊಲದವರು ಹರಿಸಿದ ನೀರು ತಗ್ಗಿನ ಹೊಲದವರ ಬೆಳೆ ಕೊಲ್ಲುತ್ತದೆ. ಬದು ಇರುವುದು ನೆಲದ ಮೇಲೆ ಮಾತ್ರ.

ಮದ್ದು ಗೊತ್ತಿಲ್ಲವೆಂದಲ್ಲ. ಉಪ್ಪಿನ ಮಣ್ಣಿಗೆ ಬಸಿಗಾಲುವೆ ಬೇಕು, ಪಿಎಚ್ 8.5 ದಾಟಿದ ಕ್ಷಾರ ಮಣ್ಣಿಗೆ ಜಿಪ್ಸಂ ಕೂಡ ಬೇಕು. ಯಾವುದು ಯಾವುದೆಂದು ಕಣ್ಣಳತೆಯಲ್ಲಿ ತಿಳಿಯದು, ಪ್ರಯೋಗಾಲಯವೇ ಹೇಳಬೇಕು. ಇದಕ್ಕೆ ವಿಶ್ವವಿದ್ಯಾಲಯದ ನೆರವು ಬೇಕು. ಆದರೆ ನೆಲದಡಿ ಹೂಳುವ ತೂತಿನ ಪೈಪು ಒಬ್ಬರ ಹೊಲದಿಂದ ಹೊರಟು ಹಳ್ಳ ಮುಟ್ಟಬೇಕಾದರೆ ನಾಲ್ಕು ಮಂದಿಯ ಹೊಲ ದಾಟಬೇಕು. ಆ ನಾಲ್ವರ ಒಪ್ಪಿಗೆಯನ್ನು ಯಾವ ಪ್ರಾಧ್ಯಾಪಕರೂ ಬರೆದುಕೊಡಲಾರರು. ಅದು ಊರು ಕೂತು ಮಾಡಬೇಕಾದ ಕೆಲಸ. ಅರಿವು ಕ್ರಿಯೆಗೆ ಇಳಿಯದಿದ್ದರೆ ವರದಿಯಾಗಿ ಕಪಾಟು ಸೇರುತ್ತದೆ; ಅರಿವಿಲ್ಲದ ಕ್ರಿಯೆ ಹೊಲವನ್ನೇ ಕೆಡಿಸುತ್ತದೆ.

ಎರಡೂ ಕೂಡಿದ ನಿದರ್ಶನ ಮುಧೋಳದಲ್ಲೇ ಇದೆ. ಮುಧೋಳ ನಾಯಿಯ ತಳಿಯನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದವರು ಸುತ್ತಲಿನ ಹಳ್ಳಿಗಳ ಸಾಮಾನ್ಯ ಜನ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ತೆರೆದು ಆ ತಿಳಿವಳಿಕೆಗೆ ವಿಜ್ಞಾನದ ಬಲ ಕೊಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳರು ಜನರ ಬಾಯಲ್ಲಿರುವ ಗಿಡ, ಪ್ರಾಣಿ, ನೀರಿನ ಜ್ಞಾನವನ್ನು ಊರಿನವರೊಂದಿಗೇ ಕೂತು ದಾಖಲಿಸುವ ದಾರಿ ತೋರಿಸಿದರು. ಇಂಥ ದಾಖಲೆಯ ಕೆಲಸಕ್ಕೆ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಬೀಳಗಿ, ಮುಧೋಳ ತಾಲ್ಲೂಕುಗಳಿಗೆ ಸೇರಿದ ಯಡಹಳ್ಳಿ ಚಿಂಕಾರ ಧಾಮದ ಕುರುಚಲು ಕಾಡಿನ ಬಗ್ಗೆ ಕುರಿಗಾಹಿಗಳಿಗಿಂತ ಚೆನ್ನಾಗಿ ಹೇಳಬಲ್ಲವರು ಯಾರು? ಸವಳು ನೆಲದ ಹೊಣೆಯಂತೆಯೇ, ರಬಕವಿ-ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕಿ ಉಳಿದ ನೀರಿನ ಚಿಂತೆಯನ್ನೂ ನೇಕಾರರೊಬ್ಬರ ತಲೆಗೆ ಕಟ್ಟಲಾಗದು.

ಈಗ ಅನುಕೂಲವಿದೆ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ ಇವೆ. ಮಣ್ಣಿನ ಪರೀಕ್ಷೆಯ ಫಲಿತಾಂಶವನ್ನು ಅವು ಕನ್ನಡದಲ್ಲಿ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಲಿ, ವಿದ್ಯಾರ್ಥಿಗಳು ಗುಡಿಯ ಕಟ್ಟೆಯ ಮೇಲೆ ಕೂತು ಓದಿ ಹೇಳಲಿ. ರೈತ ಸಂಘಗಳು ಮುಂದಿನ ಕಬ್ಬಿನ ನಾಟಿಗೆ ಮೊದಲೇ ಒಂದು ಹಳ್ಳದ ಅಕ್ಕಪಕ್ಕದ ಹೊಲದವರನ್ನೆಲ್ಲ ಒಂದೆಡೆ ಸೇರಿಸಿ ಬಸಿಗಾಲುವೆಯ ದಾರಿ ಗುರುತಿಸಲಿ. ಬ್ಯಾರೇಜ್ ಕಟ್ಟಲು ಕೂಡಿದ ಊರುಗಳು ಇದಕ್ಕೂ ಕೂಡಬೇಕು.